ಕ್ಲಚ್ಚಮ್ಮನ ಓರಗಿತ್ತಿಯ ಕಾರು

ಆ ಬೀದಿಯಲ್ಲಿ ಕಾರು ಓಡಿಸುವ ಹೆಂಗಸರಲ್ಲಿ ಮುಕ್ಕಾಲು ಪಾಲು ಕ್ಲಚ್ಚಮ್ಮನ ಕೈಯಲ್ಲೇ ಪಳಗಿದವರು. ಪಕ್ಕದ ಸೀಟಿನಲ್ಲಿ ಕೂತು ದಿನವಿಡೀ "ಕ್ಲಚ್ಚು, ಕ್ಲಚ್ಚು" ಎಂದು ಬಾಯಿ ಬಡಿದುಕೊಂಡಿದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು. ಮೈತುಂಬ ತಗ್ಗು ಬಿದ್ದ ಅವಳ ಪೆಟ್ರೋಲ್ ಕಾರಿನಲ್ಲಿ ಓರಗಿತ್ತಿಯೂ ಕಲಿತಿದ್ದಳು. ಮೊದಲ ದಿನವೇ ಕಾಂಪೌಂಡಿಗೆ ಗುದ್ದಿ ಅತ್ತವಳು.

ಅಂಥವಳು ಈಗ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ ತಂದು ಮನೆ ಮುಂದೆ ನಿಲ್ಲಿಸಿದಳು.

"ಅತ್ತಿಗೆ, ಚಾರ್ಜರ್ ಡಬ್ಬ ಈ ಗೋಡೆಗೇ ಹಾಕಬೇಕಂತೆ. ನಿಮ್ಮ ಕಾರನ್ನ ಸ್ವಲ್ಪ ಹೊರಗೆ ಹಾಕ್ತೀರಾ?" ಎಂದ ಮೈದುನ.

ಆ "ಸ್ವಲ್ಪ" ಶಾಶ್ವತವಾಯಿತು. ಹಳೇ ಕಾರು ಬೀದಿಬದಿಯ ಮರದಡಿಗೆ ಹೋಗಿ, ಹಕ್ಕಿಗಳ ಪಾಲಾಯಿತು.

ಕ್ಲಚ್ಚಮ್ಮನಿಗೆ ಹೊಟ್ಟೆ ಉರಿಯದೆ ಇನ್ನೇನು? ಅವಳ ಕಾರು ಕ್ಲಚ್ ಪ್ಲೇಟ್ ಸುಟ್ಟುಕೊಂಡು ಗ್ಯಾರೇಜಿನಲ್ಲಿ ಬಿದ್ದಿದ್ದ ವಾರವೇ ಓರಗಿತ್ತಿ ಮೊದಲ ಸರ್ವಿಸ್ ಮುಗಿಸಿ ನಗುನಗುತ್ತ ಬಂದಳು. "ಆಯಿಲ್ ಇಲ್ಲ, ಪ್ಲಗ್ ಇಲ್ಲ. ಏಸಿ ಫಿಲ್ಟರ್ ನೋಡಿ, ಟೈರು ಅದಲುಬದಲು ಮಾಡಿ ಕಳಿಸಿಬಿಟ್ರು ಅಕ್ಕ."

"ಭಾರ ಜಾಸ್ತಿ ಅಲ್ವಾ, ಟೈರು ಬೇಗ ಸವೆಯುತ್ತಂತೆ" ಎಂದಳು ಕ್ಲಚ್ಚಮ್ಮ. ಆ ಒಂದು ಮಾತಿಗಾಗಿ ಆ ಕಾರಿನ ಕೈಪಿಡಿಯನ್ನು ಫೋನಿನಲ್ಲಿ ಕದ್ದುಮುಚ್ಚಿ ಮೊದಲಿಂದ ಕೊನೆಯವರೆಗೆ ಓದಿದ್ದಳು. ಕೊಂಡವಳು ಒಂದು ಪುಟವನ್ನೂ ತಿರುವಿರಲಿಲ್ಲ.

ಎಲ್ಲಕ್ಕಿಂತ ಚುಚ್ಚಿದ್ದು ಅತ್ತೆಯ ವಿಷಯ. ಗುಡ್ಡದಾಚೆಯ ತಂಗಿಯ ಮನೆಗೆ ಭಾನುವಾರ ಭಾನುವಾರ ದೊಡ್ಡ ಸೊಸೆಯ ಕಾರಿನಲ್ಲಿ ಹೋಗುತ್ತಿದ್ದ ಅತ್ತೆ ಈಗ ಸದ್ದಿಲ್ಲದ ಕಾರು ಹತ್ತತೊಡಗಿದರು. ಆದರೆ ಹೋದಾಗಲೆಲ್ಲ ಗುಡ್ಡದ ತಿರುವಿನಲ್ಲಿ ವಾಂತಿ. ಒಮ್ಮೆ ಹಿಂದಿನ ಸೀಟಿನಲ್ಲಿ ಕೂತಿದ್ದ ಕ್ಲಚ್ಚಮ್ಮನಿಗೆ ಕಾರಣ ತಟ್ಟನೆ ಹೊಳೆಯಿತು. ಓರಗಿತ್ತಿ ಎಕ್ಸಲರೇಟರ್ ಪೆಡಲಿನಿಂದ ಕಾಲನ್ನು ಪಟ್ಟನೆ ಎತ್ತುತ್ತಿದ್ದಳು, ಎಲೆಕ್ಟ್ರಿಕ್ ಗಾಡಿಯಾದ್ದರಿಂದ ಅದು ತಾನಾಗಿ ಬ್ರೇಕ್ ಹಿಡಿದು ಜಗ್ಗುತ್ತಿತ್ತು. ಹೇಳಬಹುದಿತ್ತು. ತುಟಿ ಬಿಚ್ಚಲಿಲ್ಲ.

ಮುಂದಿನ ಭಾನುವಾರ ಅತ್ತೆ ಹಳೇ ಕಾರೇ ಹತ್ತಿದರು. ಓರಗಿತ್ತಿಯ ಮುಖ ಸಣ್ಣದಾಯಿತು. ಕ್ಲಚ್ಚಮ್ಮನ ಹೊಟ್ಟೆ ತಣ್ಣಗಾಯಿತು.

ಆ ತಂಪು ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಕಾರು ಚೆನ್ನಾಗೇ ಇದೆ ಕಣೆ. ಚಿಕ್ಕವಳಿಗೆ ಓಡಿಸೋಕೆ ಬರಲ್ಲ, ಅಷ್ಟೆ. ಅದ್ಯಾರು ಕಲಿಸಿದ್ರೋ ಏನೋ."

ಕ್ಲಚ್ಚಮ್ಮ ಮಡಿಸುತ್ತಿದ್ದ ಬಟ್ಟೆ ಬಿಸಾಕಿ ಎದ್ದಳು. "ಕೀ ತಗೊಂಡು ಬಾ."

"ಎಲ್ಲಿಗೆ ಅಕ್ಕ?" ಎಂದಳು ಓರಗಿತ್ತಿ.

"ನನ್ನ ಹೆಸರು ಕೆಡಿಸ್ತಿದ್ದೀಯ. ಬಾ."

ಗುಡ್ಡದ ದಾರಿಯಲ್ಲಿ ಪಾಠ ನಡೆಯಿತು. "ಕಾಲು ಕಿತ್ಕೋಬೇಡ. ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗೀತೀವಲ್ಲ, ಹಾಗೆ. ಮತ್ತೆ ಈ ಸೆಟ್ಟಿಂಗ್ ನೋಡು, ಜಗ್ಗೋದನ್ನ ಕಡಿಮೆ ಮಾಡ್ಕೋಬಹುದು."

"ನಿಮಗಿದು ಮೊದಲೇ ಗೊತ್ತಿತ್ತಾ?"

"ಕನ್ನಡಿ ನೋಡಿ ಓಡಿಸು."

ಓರಗಿತ್ತಿ ಕನ್ನಡಿ ನೋಡಿದಳು. ಮುಂದಿನ ತಿರುವು ದಾಟಿ, ಗಾಡಿ ನಿಲ್ಲಿಸಿ ಸೀಟು ಬಿಟ್ಟುಕೊಟ್ಟಳು. "ನೀವೊಂದ್ಸಲ ಓಡಿಸಿ ತೋರಿಸಿ ಅಕ್ಕ."

ಕ್ಲಚ್ಚಮ್ಮ ಕೂತಳು. ಕೆಲಸವಿಲ್ಲದ ಎಡಗಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಳೇ ಕಾರು ಏದುಸಿರು ಬಿಡುವ ಏರನ್ನು ಇದು ಬೆಣ್ಣೆಯಂತೆ ಹತ್ತಿತು. ಇಷ್ಟು ಸುಖವಾಗಿರುತ್ತದೆಂದು ಗೊತ್ತಿದ್ದರೆ ಅವಳು ಸ್ಟೀರಿಂಗ್ ಮುಟ್ಟುತ್ತಲೇ ಇರಲಿಲ್ಲ. ಇಳಿಯುವಾಗ ಅವಳ ಹೊಟ್ಟೆಕಿಚ್ಚು ಕಾರು ಹತ್ತುವಾಗ ಇದ್ದುದರ ಎರಡರಷ್ಟಾಗಿತ್ತು.

ಅತ್ತೆ ಈಗ ಹೊಸ ಕಾರಿನಲ್ಲೇ ಹೋಗುತ್ತಾರೆ. ಹೋಗುವಾಗ ದೊಡ್ಡ ಸೊಸೆ ಓಡಿಸುತ್ತಾಳೆ, ಬರುವಾಗ ಚಿಕ್ಕವಳು. ಚಿಕ್ಕವಳ ಸರದಿಯಲ್ಲಿ ಕ್ಲಚ್ಚಮ್ಮ ಒಂದಾದರೂ ಜಗ್ಗು ಸಿಕ್ಕೀತೇ ಎಂದು ಕಾಯುತ್ತಾಳೆ. ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಗೊರಕೆ ಹೊಡೆಯುತ್ತಿರುತ್ತಾರೆ. ನನ್ನ ಶಿಷ್ಯೆ ಎಂಬ ಹೆಮ್ಮೆಯೂ ಅವಳ ಕಾರು ಎಂಬ ಉರಿಯೂ ಗುಡ್ಡ ಇಳಿಯುವವರೆಗೆ ಕ್ಲಚ್ಚಮ್ಮನೊಳಗೆ ಒಟ್ಟಿಗೇ ಕೂತಿರುತ್ತವೆ.