ಐದನೇ ಕ್ಲಾಸಿನ ದಾರಿ

"ಅಜ್ಜಿ, ನಾನು ಒಳಗೆ ಹೋಗಲ್ಲ. ನೀವೇ ಅಮ್ಮಂಗೆ ಹೇಳಿ."

ಅಟ್ಟೂರಿನ ಶಾಲೆಯ ಗೇಟಿನ ಸರಳು ಹಿಡಿದುಕೊಂಡು ಪಕ್ಕದ ಮನೆಯ ಕಾವ್ಯ ಅಳುತ್ತಿದ್ದಳು. ಐದನೇ ತರಗತಿಯ ಪರೀಕ್ಷೆಯಲ್ಲಿ ಫೇಲಾಗಿ, ಮರುಪರೀಕ್ಷೆಯಲ್ಲೂ ಪಾಸಾಗದೆ ಅವಳು ಅದೇ ತರಗತಿಯಲ್ಲಿ ಉಳಿದಿದ್ದಳು. ನಾಲ್ಕನೇ ತರಗತಿ ಮುಗಿಸಿದ್ದ ತಂಗಿ ಪಲ್ಲವಿ ಶಾಲೆ ಮತ್ತೆ ಶುರುವಾದ ಅಂದಿನಿಂದ ಅವಳ ಸಹಪಾಠಿ. ಮೊಮ್ಮಗಳನ್ನು ಬಿಡಲು ಹೋಗಿದ್ದ ನಾನು ಏನಾದರೂ ಸಮಾಧಾನ ಹೇಳಬೇಕೆಂದುಕೊಂಡೆ.

ಅಷ್ಟರಲ್ಲಿ ಪಲ್ಲವಿ ಅಕ್ಕನ ಕೈ ಹಿಡಿದಳು. "ಬಾರೇ ಅಕ್ಕಾ, ಐದನೇ ಕ್ಲಾಸ್ ರೂಮ್ ಎಲ್ಲಿದೆ ಅಂತ ನಂಗೊತ್ತಿಲ್ಲ. ನೀನೇ ತೋರಿಸ್ಬೇಕು."

ಕಾವ್ಯ ತಲೆಯೆತ್ತಿದಳು. "ಸುಳ್ಳುಬುರುಕಿ! ದಿನಾ ಅಲ್ಲಿಗೇ ಬಂದು ನನ್ ಡಬ್ಬಿ ಖಾಲಿ ಮಾಡ್ತಿದ್ಯಲ್ಲೇ!"

ಅಳುವಿನ ನಡುವೆಯೇ ನಕ್ಕಳು. ಆಮೇಲೆ ತಂಗಿಯ ಕೈ ಬಿಡದೆ ತಾನೇ ಮುಂದಾಗಿ ಒಳಗೆ ನಡೆದಳು.

ನಾನು ಚಿಕ್ಕವಳಿದ್ದಾಗ ನಮ್ಮೂರ ಶಾಲೆಯಲ್ಲಿ ಎಲ್ಲ ತರಗತಿಗಳೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಫೇಲಾದವರು ಅದೇ ಸಾಲಿನಲ್ಲಿ ಉಳಿಯುತ್ತಿದ್ದರು, ಅಷ್ಟೆ. ಈಗಿನ ಪರೀಕ್ಷೆ ಬೇಕೋ ಬೇಡವೋ ಎಂದು ಹೇಳುವಷ್ಟು ನಾನು ಓದಿದವಳಲ್ಲ. ಮೊಮ್ಮಕ್ಕಳೇ, ನಿಮ್ಮಲ್ಲಿ ಒಬ್ಬರು ಹಿಂದೆ ಉಳಿದ ದಿನ, ಇನ್ನೊಬ್ಬರು ಹೀಗೆಯೇ ದಾರಿ ಕೇಳಲಿ.