ಬಿಳಿ ಹಲ್ಲಿನವರ ನಡುವೆ

“ಎಂತ, ಡ್ಯೂಟಿಲಿ ಎಲೆಅಡಿಕೆ ಹಾಕ್ಬಾರ್ದು ಅಂತ ಇಲ್ವಾ ನಿಮ್ಗೆ?”

ಭಾಗಮಂಡಲದ ಬಸ್ಸಿನಲ್ಲಿ ಟಿಕೆಟ್ ಕೊಟ್ಟು ನಕ್ಕಾಗ ಹಿರಿಯ ಹೆಂಗಸೊಬ್ಬರು ನನ್ನನ್ನು ಕೇಳಿದ್ದಿದು. ಪಾವಗಡದ ಕಡೆಯಿಂದ ಕಂಡಕ್ಟರಾಗಿ ಮಡಿಕೇರಿಗೆ ಬಂದು ಆಗಿನ್ನೂ ವಾರವಾಗಿರಲಿಲ್ಲ. ಎಲೆಅಡಿಕೆಯನ್ನು ನಾನು ಜನ್ಮದಲ್ಲಿ ಬಾಯಿಗೆ ಹಾಕಿದವಳಲ್ಲ. ಅವರು ನನ್ನ ಹಲ್ಲಿನ ಬಣ್ಣ ನೋಡಿ ಹೇಳಿದ್ದೆಂದು ಹೊಳೆಯುವಷ್ಟರಲ್ಲಿ ಅವರು ಇಳಿದು ಹೋಗಿದ್ದರು.

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಗೆರೆ. ಅಮ್ಮ, ಚಿಕ್ಕಮ್ಮ, ಶಾಲೆಯ ಗೆಳತಿಯರು, ಎಲ್ಲರದೂ ಹಾಗೇ ಇದ್ದುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಹಲ್ಲು ಸಾಲಾಗಿದೆಯೇ, ಉಬ್ಬಿದೆಯೇ ಎಂದು ನೋಡುತ್ತಿದ್ದರೇ ಹೊರತು ಬಣ್ಣದ ಮಾತೆತ್ತುತ್ತಿರಲಿಲ್ಲ. ಅಚ್ಚ ಬಿಳಿ ಹಲ್ಲಿನ ಸೊಸೆ ಬಂದರೆ ‘ಬೇರೆ ನೀರಿನವಳು’ ಎನ್ನುತ್ತಿದ್ದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಯೋಚಿಸಿದ್ದೇ ಇಲ್ಲ. ನನ್ನಮ್ಮನಂತೂ ಬೀದಿಗೆಲ್ಲ ಕೇಳುವಂತೆ ಬಾಯ್ತುಂಬ ನಗುವವಳು.

ಕೊಡಗಿನ ಮಳೆಗೂ ಚಳಿಗೂ ಬೇಗ ಒಗ್ಗಿಕೊಂಡೆ. ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆ ನನ್ನ ರಾಗಿಮುದ್ದೆಯ ಸಮಕ್ಕೆ ಬರದಿದ್ದರೂ ಹೊಟ್ಟೆ ತುಂಬಿಸಿತು. ಒಂದೇ ಸೀಟಿನಲ್ಲಿ ಕೊಡವ ಮಾತು, ಅರೆಭಾಷೆ, ಮಲಯಾಳ, ಕನ್ನಡ ಎಲ್ಲವನ್ನೂ ಕಲೆಸಿ ಹರಟುವವರಿಂದ ಸ್ಟಾಪುಗಳ ಹೆಸರು ಕಲಿತೆ. ನಗುವುದನ್ನು ಮಾತ್ರ ಬಿಟ್ಟೆ. ತುಟಿ ಬಿಗಿದೇ ಟಿಕೆಟ್ ಕೊಡುತ್ತಿದ್ದೆ.

ನಮ್ಮ ಬಸ್ಸಿನ ಡ್ರೈವರ್ ಸುಬ್ಬಯ್ಯ ಒಂದು ದಿನ ಟೀ ಕುಡಿಯುವಾಗ ನೇರವಾಗಿಯೇ ಹೇಳಿದರು: “ನಿಮ್ಗೆ ಭಾರೀ ಜಂಬ ಅಂತ ಪ್ಯಾಸೆಂಜರೆಲ್ಲ ಮಾತಾಡ್ತಾರೆ ಮಾರಾಯ್ರೆ. ಒಂದ್ಸಲ ನಗಾಡಿದ್ರೆ ಎಂತ ಹೋಗ್ತದೆ?” ಏನು ಹೋಗುತ್ತದೆಂದು ಅವರಿಗೆ ಹೇಗೆ ಹೇಳಲಿ? ಅಂದು ರೂಮಿಗೆ ಬಂದು ಅತ್ತುಬಿಟ್ಟೆ. ಊರಿನಲ್ಲಿ ನನ್ನನ್ನು ಯಾರೂ ಜಂಬದವಳೆಂದಿರಲಿಲ್ಲ.

ಕಡೆಗೆ ಹಲ್ಲಿನ ಡಾಕ್ಟರ ಬಳಿ ಹೋಗಿ ಮುಂದಿನ ಹಲ್ಲುಗಳಿಗೆ ಬಿಳಿ ಪದರ ಕೂರಿಸಿಕೊಂಡೆ. ಸುಳ್ಳೇಕೆ, ಖುಷಿಯಾಯಿತು. ಬಸ್ಸು ಹತ್ತಿದವರಿಗೆಲ್ಲ ನಗು ಹಂಚಿದೆ. ಜನ ನನ್ನೂರು ಕೇಳಿದರು, ಮನೆಗೆ ಕರೆದರು, ತೋಟದ ಕಿತ್ತಳೆ ತಂದು ಕೈಗಿಟ್ಟರು. ಅದೇ ಜನ, ಅದೇ ನಾನು. ಬದಲಾದದ್ದು ಉಗುರಿನಷ್ಟು ದಪ್ಪದ ಪದರ ಮಾತ್ರ ಎಂದು ನೆನೆದರೆ ಸಣ್ಣಗೆ ಸಿಟ್ಟೂ ಬರುತ್ತದೆ.

ಮೊನ್ನೆ ರಜೆ ಹಾಕಿ ಊರಿಗೆ ಹೋದೆ. ಅಮ್ಮ ನನ್ನ ಗಲ್ಲ ಹಿಡಿದು, ಬಾಯಿ ತೆರೆಸಿ ನೋಡಿ, ಶ್ಯಾನೆ ಚೆನ್ನಾಗವೆ ಕಣೆ ಎಂದಳು. ಊಟಕ್ಕೆ ಕೂತಾಗ, ಹುಂಜಕ್ಕೆ ಕಿಟಕಿ ಪಕ್ಕದ ಸೀಟೇ ಬೇಕೆಂದು ಜಗಳವಾಡಿದ ಪ್ಯಾಸೆಂಜರೊಬ್ಬರ ಕಥೆ ಹೇಳಿದೆ. ಅಮ್ಮ ಎಂದಿನಂತೆ ಜೋರಾಗಿ ನಗತೊಡಗಿದಳು. ನಡುವೆ ನನ್ನ ಮುಖ ನೋಡಿದವಳು ಸರಕ್ಕನೆ ಸೆರಗೆಳೆದು ಬಾಯಿ ಮುಚ್ಚಿಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಯಾಕಮ್ಮ ಎಂದು ಕೇಳಿದೆ.

“ನಿನ್ ಮುಂದೆ ಹೆಂಗೆ ನಗ್ಲಿ ಬಿಡೆ,” ಎಂದು ಸೆರಗಿನೊಳಗೇ ನಕ್ಕಳು.

ರಜೆ ಇನ್ನೂ ಇತ್ತು, ಆದರೂ ಮಡಿಕೇರಿಗೆ ಹೊರಟುಬಿಡಬೇಕೆನಿಸಿತು. ನಾಚಿಕೆಯನ್ನು ಅಲ್ಲಿಯೇ ಬಿಟ್ಟು ಬಂದೆನೆಂದುಕೊಂಡಿದ್ದೆ. ಅಮ್ಮನ ಮನೆಗೆ ಅದನ್ನು ಹೊತ್ತು ತಂದವಳು ನಾನೇ.