ಲೋಟ ತೊಳೆಯುವವರ ಪ್ರಶ್ನೆ

ಯಾದಗಿರಿಯಲ್ಲಿ ಒಬ್ಬರೇ ಸೀನಿಯರ್ ಕೈಕೆಳಗೆ ನಾನೂ ನನ್ನ ಗೆಳತಿಯೂ ವಕೀಲಿಕೆ ಕಲಿತೆವು. ಒಂದೇ ಮೇಜು, ಒಂದೇ ಫ್ಯಾನು. ಈಗ ಅವಳು ಕಲಬುರಗಿಯಲ್ಲಿ ಹೆಸರಾದ ಕ್ರಿಮಿನಲ್ ವಕೀಲೆ. ದಿಕ್ಕಿಲ್ಲದವರ ಹಕ್ಕಿನ ಪ್ರಕರಣವೆಂದರೆ ಜನ ಮೊದಲು ತಟ್ಟುವುದು ಅವಳ ಬಾಗಿಲನ್ನೇ. ನಾನು ಶಹಾಪುರದಲ್ಲಿ ಹೊಲದ ಬದುವಿನ ತಂಟೆ, ಗಂಡ ಹೆಂಡಿರ ಜಗಳ ನಡೆಸುತ್ತೇನೆ. ಪತ್ರಿಕೆಯಲ್ಲಿ ಅವಳ ಫೋಟೊ ಬಂದ ದಿನ ಆ ಪುಟವನ್ನು ಬೇಗ ತಿರುವಿಬಿಡುತ್ತೇನೆ.

ಸುರಪುರದ ಪ್ರಕರಣ ಮೊದಲು ಬಂದದ್ದು ನನ್ನ ಬಳಿಗೆ. ಹಳ್ಳಿಯೊಂದರ ಚಹಾದ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಾರೆಂದು ಕೇರಿಯ ಮೂವರು ತರುಣರು ತಕರಾರು ತೆಗೆದಿದ್ದರು. ಅವರೇ ಹೋಟೆಲಿನ ಮೇಲೆ ಕಲ್ಲು ತೂರಿದರೆಂದು ಮಾಲೀಕ ದೂರು ಕೊಟ್ಟ. ಜಾಮೀನು ಕೊಡಿಸಿದವಳು ನಾನು. ಸಾಕ್ಷಿ ವಿಚಾರಣೆ ಹತ್ತಿರ ಬಂದಾಗ ಒಬ್ಬನ ತಾಯಿ ನನ್ನ ಆಫೀಸಿಗೆ ಬಂದಳು.

"ಅಕ್ಕಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಕಲಬುರಗಿ ಮೇಡಮ್ಮಾರನ್ನ ಕರಸೂಣೇನ್ರಿ? ನೀವೂ ಜೋಡಿ ಇರ್ರಿ."

"ಕರಸ್ರಿ" ಎಂದೆ. ಕಡತವನ್ನು ಮೇಜಿನ ಆ ತುದಿಗೆ ತಳ್ಳಿದೆ.

ಗೆಳತಿ ಬಂದು, ಕೋರ್ಟಿನಲ್ಲಿ ಮಾಲೀಕನನ್ನು ಪ್ರಶ್ನಿಸಲು ಎದ್ದಳು. ಕಲ್ಲು ಎಲ್ಲಿಂದ ಬಂತು, ಬೆಳಕು ಎಷ್ಟಿತ್ತು ಎಂದು ನಾನು ಸಿದ್ಧಮಾಡಿದ್ದ ಪ್ರಶ್ನೆಗಳನ್ನೇ ಮೊದಲು ಕೇಳಿದಳು. ಮಾಲೀಕ ಅಲುಗಲಿಲ್ಲ. ಅವಳು ಸೋಲಲಿ ಎಂದು ನಾನು ಬಯಸಲಿಲ್ಲ. ಆದರೆ ಒಂದಿಷ್ಟು ತಡವರಿಸಲಿ ಎಂದು ಬಯಸಿದ್ದು ನಿಜ.

"ಯಜಮಾನ್ರ, ನಿಮ್ಮಲ್ಲಿ ಎಲ್ಲಾರಿಗೂ ಒಂದ ನಮೂನಿ ಲೋಟ ಏನ್ರಿ?" ಎಂದು ಊರ ಸುದ್ದಿ ಕೇಳುವಂತೆ ಕೇಳಿದಳು.

"ಹೌದ್ರಿ. ಭೇದಭಾವ ಇಲ್ರಿ ನಮ್ಮಲ್ಲಿ."

"ತೊಳಿಯಾಕ ಆಳು ಅದಾನೇನ್ರಿ?"

"ಅದಾನ್ರಿ."

"ಪಾಪ, ಅವಗ ಭಾಳ ಕೆಲಸ. ಇವರ ಲೋಟಾನೂ ಅವನ ತೊಳಿಬೇಕಲ್ರಿ?" ಎಂದು ಮೂವರು ತರುಣರ ಕಡೆ ಕೈ ತೋರಿಸಿದಳು.

"ಇಲ್ರಿ, ಇವರ ಲೋಟ ಇವರ ತೊಳದು ಹೊರಗ ಇಡ್ತಾರ್ರಿ."

ನ್ಯಾಯಾಧೀಶರು ಆ ಮಾತನ್ನು ಬರೆದುಕೊಂಡರು. ತಾನೇನು ಹೇಳಿದೆನೆಂಬುದು ಮಾಲೀಕನಿಗೆ ಆಮೇಲೆ ಹೊಳೆಯಿತು. ಅಲ್ಲಿಂದಾಚೆ ಅವನ ಮಾತಿಗೆ ಮಾತು ಕೂಡಲಿಲ್ಲ. ಒಲೆಯ ಮುಂದಿದ್ದೆ ಅಂದವನು ಬಾಗಿಲಲ್ಲಿದ್ದೆ ಅಂದ. ಕಡೆಗೆ ಮೂವರೂ ಬಿಡುಗಡೆಯಾದರು.

ತೀರ್ಪಿನ ದಿನ ಆ ತಾಯಿ ನನ್ನ ಗೆಳತಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ನೆನಪಾದವಳಂತೆ ನನ್ನ ಕೈ ಹಿಡಿದು, "ನೀವೂ ಭಾಳ ಓಡಾಡೀರಿ ಅಕ್ಕಾರ" ಎಂದಳು. ಈ ಪ್ರಕರಣಕ್ಕಾಗಿ ಮೂರು ವರ್ಷ ಇಂಥ ಹೋಟೆಲುಗಳ ಮುಂದೆಯೇ ಓಡಾಡಿದವಳು ನಾನು. ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

ಕೋರ್ಟಿನ ಮೆಟ್ಟಿಲಿಳಿಯುವಾಗ ಗೆಳತಿ ನನ್ನ ಹೆಗಲ ಮೇಲೆ ಕೈ ಹಾಕಿದಳು. "ಎಲ್ಲಾ ನೀನ ಹದ ಮಾಡಿಟ್ಟಿದ್ದಿ. ನಾ ಬಂದು ಬಾಯಿ ಬಿಟ್ಟೆ ಅಷ್ಟ. ಬಾ, ಕಾರಿನ್ಯಾಗ ಶಹಾಪುರಕ್ಕ ಬಿಡ್ತೀನಿ."

ಅವಳಿಗೆ ಸೊಕ್ಕಾದರೂ ಇದ್ದಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು!

"ಇಲ್ಲೇ ಸ್ವಲ್ಪ ಕೆಲಸ ಅದ" ಎಂದು ಸುಳ್ಳು ಹೇಳಿ ಬಸ್ಸಿಗೆ ಬಂದೆ. ಮನೆಯಲ್ಲಿ ಗಂಡ ಮೊಬೈಲು ಹಿಡಿದು ಕಾಯುತ್ತಿದ್ದ. ಸುದ್ದಿಯ ಫೋಟೊದಲ್ಲಿ ನಡುವೆ ಅವಳು, ಸುತ್ತ ಜನ. ಅಂಚಿನಲ್ಲಿ ಕರಿ ಕೋಟಿನ ಒಂದು ತೋಳು.

"ಇದು ನಿಂದ ಕೈ ಹೌದಲ್ಲ?" ಎಂದ, ಹೆಮ್ಮೆಯಿಂದ.

ಬಳೆ ನೋಡಿದೆ. ನನ್ನದೇ.